ಊರುಗೋಲು: ಊರುವುದಾ, ಜೋತು ಬೀಳುವುದಾ?

ಅನುವಾದದ ಮೇಜು

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದ ಮೂರು ದಿನದಿಂದ ನನ್ನನ್ನು ಕಟ್ಟಿಹಾಕಿದೆ. ನಿಮ್ಮ ಸಹಾಯ ಬೇಕು.

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವಳು. ಈಗ ಕೈಯಲ್ಲಿರುವುದು ಬರವಣಿಗೆ ಕಲಿಯುವವರಿಗಾಗಿ ಬರೆದ ಒಂದು ಲೇಖನ. ಅದರಲ್ಲಿ ‘ಕ್ರಚ್’ ಅನ್ನುವ ಪದ ಏಳು ಕಡೆ ಬರುತ್ತದೆ. ಉಪಮೆಯನ್ನು ಕ್ರಚ್ ಮಾಡಿಕೊಳ್ಳಬೇಡಿ, ವಿಶೇಷಣವನ್ನು ಕ್ರಚ್ ಮಾಡಿಕೊಳ್ಳಬೇಡಿ, ಹೀಗೆ. ಮೊದಲ ಕರಡಿನಲ್ಲಿ ಏಳು ಕಡೆಯೂ ‘ಊರುಗೋಲು’ ಎಂದೇ ಹಾಕಿದೆ. ನಿಘಂಟಿನ ಪ್ರಕಾರ ತಪ್ಪೇನೂ ಇಲ್ಲ.

ಆದರೆ ಜೋರಾಗಿ ಓದಿ ನೋಡಿದಾಗ ಮಾತು ಕೂರಲಿಲ್ಲ. ‘ಉಪಮೆಯನ್ನು ಊರುಗೋಲು ಮಾಡಿಕೊಳ್ಳಬೇಡಿ’ ಅಂದರೆ, ಯಾಕೆ ಮಾಡಿಕೊಳ್ಳಬಾರದು ಅಂತ ಕೇಳಬೇಕು ಅನ್ನಿಸುತ್ತದೆ. ನಾವು ಮಗನನ್ನೋ ಮಗಳನ್ನೋ ‘ಮುಪ್ಪಿನ ಊರುಗೋಲು’ ಅನ್ನುತ್ತೇವೆ. ಕಷ್ಟದಲ್ಲಿ ಕೈ ಹಿಡಿದವರನ್ನು ‘ನನಗೆ ಊರುಗೋಲಾಗಿ ನಿಂತರು’ ಅನ್ನುತ್ತೇವೆ. ಅದರಲ್ಲಿ ಬೈಗುಳ ಎಲ್ಲಿದೆ? ಬರೀ ಕೃತಜ್ಞತೆ ಇದೆ. ಇಂಗ್ಲಿಷಿನಲ್ಲಿ ಅದೇ ವಸ್ತುವಿನ ಹೆಸರು ದೌರ್ಬಲ್ಯದ ಹೆಸರಾಗಿ ಕೂತಿದೆ.

ಇದು ನನಗೆ ಬರೀ ಪದದ ವಿಷಯ ಅಲ್ಲ. ಎರಡು ವರ್ಷದ ಹಿಂದೆ ನನ್ನ ಎಡಗಾಲಿನ ಹರಡು ಮುರಿದಿತ್ತು. ಆರು ವಾರ ಆ ಕಾಲು ನೆಲಕ್ಕೆ ತಾಗಿಸುವ ಹಾಗಿರಲಿಲ್ಲ. ಎರಡು ಊರುಗೋಲು ಕೊಟ್ಟರು. ಮೊದಲ ದಿನವೇ ಒಂದು ವಿಷಯ ಗೊತ್ತಾಯಿತು. ಒಂದು ಲೋಟ ನೀರನ್ನು ಅಡುಗೆಮನೆಯಿಂದ ಮಂಚದ ತನಕ ತರಲು ನನಗೆ ಆಗುವುದಿಲ್ಲ. ಎರಡೂ ಕೈ ನಡೆಯುವುದರಲ್ಲೇ ಮುಗಿದುಹೋಗಿವೆ. ಕೊನೆಗೆ ಮುಚ್ಚಳದ ಬಾಟಲಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕೊರಳಿಗೆ ನೇತುಹಾಕಿಕೊಂಡೆ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅಂಗೈ ಉರಿಯುತ್ತಿತ್ತು, ಭುಜ ನಡುಗುತ್ತಿತ್ತು. ಅಷ್ಟು ದುಡಿಸುವ ವಸ್ತುವಿನ ಹೆಸರನ್ನು ‘ಸೋಮಾರಿ ಆಸರೆ’ ಅನ್ನುವ ಅರ್ಥದಲ್ಲಿ ಬರೆಯಲು ಕೈ ಬರುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಕನ್ನಡದಲ್ಲಿ ಊರುಗೋಲಿಗೆ ಆ ಕೆಟ್ಟ ಅರ್ಥ ನಿಜವಾಗಿ ಇದೆಯಾ? ಇಲ್ಲದಿದ್ದರೆ ಆ ಏಳು ಕಡೆ ಏನು ಬರೆಯಲಿ?

ಹಳೆ ನಿಘಂಟು

ಒಳ್ಳೆಯ ಪ್ರಶ್ನೆ. ಪದದ ಒಳಗಿನಿಂದ ಶುರು ಮಾಡೋಣ.

ಊರುಗೋಲಿನಲ್ಲಿರುವ ‘ಊರು’ ಹಳ್ಳಿ ಪಟ್ಟಣದ ಊರಲ್ಲ, ಅದು ಕ್ರಿಯಾಪದ. ಕಾಲೂರು, ಮೊಳಕಾಲೂರು, ಬೇರೂರು, ತಳವೂರು, ನೆಲೆಯೂರು, ಬೀಜ ಊರು. ಎಲ್ಲದರಲ್ಲೂ ಇರುವುದು ಒಂದೇ: ಯಾವುದನ್ನೋ ನೆಲಕ್ಕೆ ಒತ್ತಿ ಗಟ್ಟಿಯಾಗಿ ನಿಲ್ಲಿಸುವುದು. ಹಳಗನ್ನಡದಲ್ಲಿ ಈ ಗೊಂದಲವೇ ಇರಲಿಲ್ಲ. ವಾಸ ಮಾಡುವ ಊರಿಗೆ ಸಾದಾ ‘ರ’ ಇತ್ತು. ಒತ್ತಿ ನಿಲ್ಲುವ ಊರುವುದಕ್ಕೆ ‘ಱ’ ಇತ್ತು: ಊಱು. ಆ ಅಕ್ಷರ ಬಳಕೆಯಿಂದ ಬಿಟ್ಟುಹೋದ ಮೇಲೆ ಎರಡೂ ಒಂದೇ ಥರ ಕಾಣುತ್ತಿವೆ. ಸಂಸ್ಕೃತದಲ್ಲಿ ತೊಡೆಗೂ ‘ಊರು’ ಅನ್ನುತ್ತಾರೆ. ಹಾಗಾಗಿ ಕೆಲವರು ‘ತೊಡೆಯ ಕೋಲು’ ಅಂತ ಅರ್ಥ ಬಿಡಿಸುವುದನ್ನು ಕೇಳಿದ್ದೇನೆ. ಅದು ಸರಿಯಲ್ಲ.

ತಮಿಳಿನಲ್ಲಿ ಇದೇ ಪದ ‘ಊನ್ಱುಕೋಲ್’. ನಮ್ಮಲ್ಲಿ ನಡುವಿನ ‘ನ’ ಕರಗಿದೆ. ತಮಿಳಿನ ಮೂನ್ಱು ನಮ್ಮಲ್ಲಿ ಮೂರು ಆಗಿದೆ, ಕನ್ಱು ಕರು ಆಗಿದೆ. ಅದೇ ದಾರಿಯಲ್ಲಿ ಊನ್ಱು ಊರು ಆಗಿದೆ. ತೆಲುಗಿನವರು ಊತಕರ್ರ ಅನ್ನುತ್ತಾರೆ, ಮಲಯಾಳದವರು ಊನ್ನುವಡಿ. ನಾಲ್ಕೂ ಭಾಷೆ ಹಿಡಿದಿರುವುದು ಒಂದೇ ಕೆಲಸವನ್ನು. ಒತ್ತಿ ನಿಲ್ಲುವುದು.

ಇನ್ನು ಕೋಲು ಗೋಲಾಗಿರುವುದು ನಮಗೆಲ್ಲ ಗೊತ್ತಿರುವ ಆದೇಶ ಸಂಧಿ. ಕಡೆಯುವ ಕೋಲು ಕಡೆಗೋಲು, ಊರುವ ಕೋಲು ಊರುಗೋಲು. ಕಡೆಗೋಲು ತಾನೇ ಕಡೆಯುವುದಿಲ್ಲ, ಕೈ ಎಳೆದರೆ ಮಾತ್ರ. ಊರುಗೋಲೂ ಹಾಗೇ. ಕನ್ನಡದ ಪದದಲ್ಲಿ ಕೋಲಿನ ಆಕಾರಕ್ಕಿಂತ ಮನುಷ್ಯನ ಕೆಲಸ ಮುಂದಿದೆ. ನಿಮಗೆ ಕೆಟ್ಟ ಅರ್ಥ ಕೂರುತ್ತಿಲ್ಲ ಅನ್ನಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಬೈಕ್ ಸ್ಟ್ಯಾಂಡ್

ಬೇರೆ ಭಾಷೆಗಳಲ್ಲಿ ಹೇಗಿದೆ? ಯಾರಿಗಾದರೂ ಗೊತ್ತಾ? ಫ್ರೆಂಚ್ ಕಲಿಯುವಾಗ ಬೈಕಿನ ಸ್ಟ್ಯಾಂಡಿಗೂ ಊರುಗೋಲಿಗೂ ‘ಬೆಕಿಯ್’ ಅನ್ನುವ ಒಂದೇ ಪದ ಕಂಡು ಖುಷಿಯಾಗಿತ್ತು.

ಹಳೆ ನಿಘಂಟು

ಹೌದು, ಅದು ‘ಬೆಕ್’ ಅಂದರೆ ಕೊಕ್ಕಿನಿಂದ ಬಂದ ಪದ. ಹಿಡಿಯ ಭಾಗ ಹಕ್ಕಿಯ ಕೊಕ್ಕಿನ ಹಾಗೆ ಕಂಡಿದೆ. ಸ್ಪ್ಯಾನಿಷಿನಲ್ಲಿ ‘ಮುಲೇತ’. ಮೂಲ ಅರ್ಥ ಪುಟ್ಟ ಹೇಸರಗತ್ತೆ. ಭಾರ ಹೊರುವ ಪ್ರಾಣಿ ಅಲ್ವಾ, ಅದಕ್ಕೆ. ಗೂಳಿ ಕಾಳಗದವರು ಕೋಲಿಗೆ ಸಿಕ್ಕಿಸಿ ಬೀಸುವ ಕೆಂಪು ಬಟ್ಟೆಗೂ ಅದೇ ಹೆಸರು. ಇಟಾಲಿಯನ್ನಿನಲ್ಲಿ ಊರುಗೋಲಿಗೂ ಬಟ್ಟೆ ನೇತುಹಾಕುವ ಹ್ಯಾಂಗರಿಗೂ ‘ಗ್ರುಚ್ಚ’ ಎಂಬ ಒಂದೇ ಪದ. ಹಿಂದಿಯ ಬೈಸಾಖಿಯನ್ನು ನಿಘಂಟುಗಳು ‘ವಿ’ ಮತ್ತು ‘ಶಾಖಾ’ ಎಂದು ಬಿಡಿಸುತ್ತವೆ. ಕವಲೊಡೆದದ್ದು ಅಂತ.

ಇಂಗ್ಲಿಷಿನ ಕ್ರಚ್ ಹಳೆಯ ಜರ್ಮಾನಿಕ್ ಪದ. ಹಳೆ ಇಂಗ್ಲಿಷಿನಲ್ಲಿ ಅದರ ರೂಪ ‘ಕ್ರಿಚ್’. ಬಾಗಿದ್ದು ಅನ್ನುವ ಅರ್ಥದ ‘ಕ್ರುಕ್’ ಅದರ ನೆಂಟ. ಮರದ ಕವೆಗೂ ಮನುಷ್ಯನ ತೊಡೆಗಳ ಸಂದಿಗೂ ಹೇಳುವ ‘ಕ್ರಾಚ್’ ಅದರ ಒಡಹುಟ್ಟು. ಬ್ರಿಟನ್ನಿನಲ್ಲಿ ಆ ಸಂದಿಗೂ ಕ್ರಚ್ ಎಂದೇ ಹೇಳುವುದುಂಟು. ಆಸ್ಟ್ರೇಲಿಯ, ನ್ಯೂಜಿಲೆಂಡಿನ ಕುರಿ ಸಾಕುವವರು ಕುರಿಯ ಬಾಲದ ಸುತ್ತ, ಹಿಂಗಾಲುಗಳ ನಡುವೆ ಉಣ್ಣೆ ಕತ್ತರಿಸುವುದನ್ನು ‘ಕ್ರಚಿಂಗ್’ ಅನ್ನುತ್ತಾರೆ. ನೊಣ ಕೂತು ಹುಳ ಬೀಳಬಾರದು ಅಂತ ಮಾಡುವ ಕೆಲಸ. ಹಾಯಿದೋಣಿಯಲ್ಲಿ ಹಾಯಿ ಇಳಿಸಿದ ಮೇಲೆ ಅದರ ಅಡ್ಡದಿಮ್ಮಿಯನ್ನು ಕೂರಿಸುವ ಕವೆಗೂ ಕ್ರಚ್ ಎಂದೇ ಹೆಸರು. ಎಲ್ಲ ಕಡೆಯೂ ಇರುವುದು ಕವಲು.

ಕೀಳು ಅರ್ಥ ಇಂಗ್ಲಿಷಿನದು ಮಾತ್ರ ಅಲ್ಲ. ಜರ್ಮನ್ನಿನ ‘ಕ್ರ್ಯುಕೆ’ ಆಡುಮಾತಿನಲ್ಲಿ ಕೆಲಸಕ್ಕೆ ಬಾರದವನಿಗೆ ಬೈಗುಳ. ಡಚ್ಚಿನ ‘ಕ್ರುಕ್’ ಊರುಗೋಲೂ ಹೌದು, ಕೂರುವ ಸ್ಟೂಲೂ ಹೌದು, ಕೆಲಸ ಕೆಡಿಸುವವನೂ ಹೌದು.

ಕೋಡ್ ಬರೆಯುವವಳು

ನಮ್ಮ ಕೆಲಸದಲ್ಲೂ ಈ ಪದ ಇದೆ. ರಷ್ಯನ್ ಸಹೋದ್ಯೋಗಿಗಳು ‘ಕೊಸ್ತಿಲ್’ ಅನ್ನುತ್ತಾರೆ. ಅಂದರೆ ಊರುಗೋಲು. ರೈಲು ಹಳಿಯನ್ನು ದಿಮ್ಮಿಗೆ ಬಿಗಿಯುವ ದಪ್ಪ ಮೊಳೆಗೂ ಅದೇ ಹೆಸರಂತೆ. ಪ್ರೋಗ್ರಾಮಿಂಗಿನಲ್ಲಿ ಅದರ ಅರ್ಥ ಬೇರೆ: ತಪ್ಪಿನ ಮೂಲ ಸರಿ ಮಾಡದೆ, ಸದ್ಯಕ್ಕೆ ಬೀಳದ ಹಾಗೆ ಕೊಟ್ಟ ಆಧಾರ.

ನಾನೇ ಒಂದು ಕೊಟ್ಟಿದ್ದೆ. ತಾರೀಖು ಖಾಲಿ ಬಂದರೆ ಇಡೀ ಪಟ್ಟಿ ನಿಂತುಹೋಗುತ್ತಿತ್ತು. ಖಾಲಿ ಇದ್ದರೆ ಇವತ್ತಿನ ತಾರೀಖು ಹಾಕು ಅಂತ ಎರಡು ಸಾಲು ಬರೆದೆ. ಪಕ್ಕದಲ್ಲಿ ‘ತಾತ್ಕಾಲಿಕ’ ಅಂತ ಟಿಪ್ಪಣಿ. ಮೂರು ವರ್ಷ ಆಯಿತು. ಈಗ ಬೇರೆ ಐದು ಕಡೆಯ ಲೆಕ್ಕ ಆ ಸುಳ್ಳು ತಾರೀಖನ್ನೇ ನಂಬಿಕೊಂಡಿದೆ. ತೆಗೆದರೆ ಎಲ್ಲ ಬೀಳುತ್ತದೆ. ಆ ಎರಡು ಸಾಲು ಬರೆದ ದಿನ ಅದು ಬೇಕಿತ್ತು, ಆ ರಾತ್ರಿ ಕೆಲಸ ನಿಲ್ಲುವ ಹಾಗಿರಲಿಲ್ಲ. ತೆಗೆಯುವ ದಿನ ಯಾವುದು ಅಂತ ಬರೆದಿಡದೇ ಹೋದದ್ದು ನನ್ನ ತಪ್ಪು.

ಫಿಸಿಯೋ

ನಾನು ಫಿಸಿಯೋಥೆರಪಿ ಮಾಡುವವನು. ದಿನಾ ಜನರಿಗೆ ಊರುಗೋಲು ಹಿಡಿಯುವುದನ್ನು ಕಲಿಸುತ್ತೇನೆ. ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ನಾನು ದಿನಕ್ಕೆ ಹತ್ತು ಸಲ ಹೇಳುವ ಒಂದು ಮಾತಿನಲ್ಲೇ ಇದೆ ಅನ್ನಿಸುತ್ತದೆ.

ಕಂಕುಳಿನ ಊರುಗೋಲು ಕೊಟ್ಟ ಕೂಡಲೇ ಎಲ್ಲರೂ ಮಾಡುವ ತಪ್ಪು ಒಂದೇ. ಮೇಲಿನ ಮೆತ್ತೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅದಕ್ಕೆ ಜೋತು ಬೀಳುತ್ತಾರೆ. ಇಡೀ ದೇಹದ ಭಾರ ಕಂಕುಳಿನ ಮೇಲೆ. ಅಲ್ಲಿ ಕೈಗೆ ಹೋಗುವ ನರಗಳ ಗೊಂಚಲು ಇದೆ, ರಕ್ತನಾಳ ಇದೆ. ದಿನಗಟ್ಟಲೆ ಒತ್ತಿದರೆ ರೇಡಿಯಲ್ ನರ ಸೋಲುತ್ತದೆ. ಮಣಿಕಟ್ಟು ಎತ್ತಲು ಆಗದೆ ಕೈ ಜೋತಾಡುತ್ತದೆ. ಇದಕ್ಕೆ ಊರುಗೋಲಿನದೇ ಹೆಸರಿದೆ, ‘ಕ್ರಚ್ ಪಾಲ್ಸಿ’. ಒತ್ತಡ ತೆಗೆದರೆ ಸಾಮಾನ್ಯವಾಗಿ ಸರಿಯಾಗುತ್ತದೆ, ಆದರೆ ವಾರಗಳು, ಕೆಲವು ಸಲ ತಿಂಗಳುಗಳೇ ಬೇಕು. ಕಾಲಿಗೆ ಅಂತ ಬಂದವರು ಕೈಯನ್ನೂ ಕಳೆದುಕೊಂಡು ಕೂರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಐದು ನಿಮಿಷ ಹೇಳಿಕೊಟ್ಟಿದ್ದರೆ ತಪ್ಪುತ್ತಿತ್ತು.

ಅದಕ್ಕೇ ನಾನು ಹೇಳುವುದು: ಜೋತು ಬೀಳಬೇಡಿ, ಊರಿ. ಭಾರ ಅಂಗೈ ಮೇಲೆ ಬರಬೇಕು. ಮೆತ್ತೆ ಪಕ್ಕೆಗೆ ಒತ್ತಿಕೊಳ್ಳುವುದಕ್ಕೆ ಮಾತ್ರ. ನೆಟ್ಟಗೆ ನಿಂತಾಗ ಕಂಕುಳಿಗೂ ಮೆತ್ತೆಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗ ಇರಬೇಕು. ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿ ಹಿಡಿ ಇರಬೇಕು. ಹಿಡಿದಾಗ ಮೊಣಕೈ 20ರಿಂದ 30 ಡಿಗ್ರಿ ಬಾಗಿರಬೇಕು. ನಿಲ್ಲುವಾಗ ಕೋಲಿನ ತುದಿ ಪಾದದಿಂದ ಸುಮಾರು 15 ಸೆಂಟಿಮೀಟರ್ ಮುಂದೆ, ಅಷ್ಟೇ ಪಕ್ಕಕ್ಕೆ.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಆಮೇಲೆ ಪೆಟ್ಟಾದ ಕಾಲು ಮತ್ತು ಕೋಲು. ಇಳಿಯುವಾಗ ಉಲ್ಟಾ. ಕೋಲು ಮತ್ತು ಪೆಟ್ಟಾದ ಕಾಲು ಮೊದಲು, ಗಟ್ಟಿ ಕಾಲು ಕೊನೆಗೆ. ಯಾಕೆಂದರೆ ದೇಹವನ್ನು ಎತ್ತುವುದೂ ಇಳಿಸುವುದೂ ಗಟ್ಟಿ ಕಾಲಿನ ಕೆಲಸ. ಒಂದೇ ಕೋಲು ಇದ್ದರೆ ಅದು ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು. ಇದನ್ನು ಹೇಳಿದರೆ ಯಾರೂ ಮೊದಲು ನಂಬುವುದಿಲ್ಲ. ನೋವಿನ ಕಾಲಿನ ಮೇಲೆ ನಿಂತಾಗ ಸೊಂಟ ಎದುರು ಬದಿಗೆ ಕುಸಿಯಲು ನೋಡುತ್ತದೆ. ಕುಸಿಯುವ ಕಡೆ ಊರಿದರೆ ತಾನೇ ತಡೆ ಸಿಗುವುದು?

ಇಂಗ್ಲಿಷಿನವರು ಕ್ರಚ್ ಅಂತ ಬೈಯುವಾಗ ಅವರ ಮನಸ್ಸಿನಲ್ಲಿರುವ ಚಿತ್ರ ಜೋತು ಬೀಳುವುದು. ನಮ್ಮ ಪದದಲ್ಲಿರುವುದು ಊರುವುದು. ಎರಡೂ ಒಂದೇ ಕೋಲಿನ ಮೇಲೆ ನಡೆಯುತ್ತವೆ, ಆದರೆ ಒಂದರಿಂದ ನಡೆಯುತ್ತೀರಿ, ಇನ್ನೊಂದರಿಂದ ನರ ಕಳೆದುಕೊಳ್ಳುತ್ತೀರಿ.

ಅನುವಾದದ ಮೇಜು

‘ಜೋತು ಬೀಳುವುದು’! ಓದಿ ಕುರ್ಚಿಯಿಂದ ಎದ್ದೇಬಿಟ್ಟೆ. ಇದು ನನ್ನ ತಲೆಗೆ ಯಾಕೆ ಬರಲಿಲ್ಲ? ‘ಹಳೆಯ ಉಪಮೆಗಳಿಗೇ ಜೋತು ಬೀಳಬೇಡಿ.’ ಎಷ್ಟು ಸಹಜವಾಗಿದೆ ನೋಡಿ. ಇನ್ನೂ ಕೇಳುತ್ತಿದ್ದೇನೆ, ನಿಲ್ಲಿಸಬೇಡಿ.

ಮೂರನೇ ಕಾಲು

ನನಗೆ ನಾಲ್ಕನೇ ವಯಸ್ಸಿನಲ್ಲಿ ಪೋಲಿಯೋ ಆಯಿತು. ಈಗ ಐವತ್ತು ದಾಟಿದೆ. ಆಸರೆ ಇಲ್ಲದೆ ನಡೆದ ನೆನಪು ನನಗಿಲ್ಲ. ಹಾಗಾಗಿ ಈ ಚರ್ಚೆ ಓದುವಾಗ ಎದೆಯಲ್ಲಿ ಏನೋ ಆಗುತ್ತದೆ.

ಇಂಗ್ಲಿಷ್ ಬಿಡಿ. ಈಗ ಕನ್ನಡದಲ್ಲೂ ಆ ಅರ್ಥ ಬಂದುಬಿಟ್ಟಿದೆ. ಬೇರೆ ಪಕ್ಷದ ಬೆಂಬಲದಿಂದ ನಡೆಯುವ ಸರ್ಕಾರವನ್ನು ‘ಊರುಗೋಲಿನ ಸರ್ಕಾರ’ ಅಂತ ಆಡಿಕೊಳ್ಳುತ್ತಾರೆ. ಭಾಷಣದಲ್ಲಿ ‘ಯಾರ ಊರುಗೋಲೂ ಇಲ್ಲದೆ ಸ್ವಂತ ಕಾಲ ಮೇಲೆ ನಿಂತೆ’ ಅನ್ನುತ್ತಾರೆ. ಎದುರಿಗೆ ನಾನು ಕೂತಿರುತ್ತೇನೆ. ಅವರಿಗೆ ನನ್ನನ್ನು ನೋಯಿಸುವ ಉದ್ದೇಶ ಇರುವುದಿಲ್ಲ, ಗೊತ್ತು. ಆದರೂ ಆ ಮಾತು ಬಂದಾಗ ಪಕ್ಕದವರು ನನ್ನ ಕೋಲಿನ ಕಡೆ ಒಮ್ಮೆ ನೋಡಿ ಕಣ್ಣು ತಿರುಗಿಸುತ್ತಾರೆ. ಅದು ನನಗೆ ಕಾಣುತ್ತದೆ.

ನನಗೆ ಕೋಲು ದೌರ್ಬಲ್ಯ ಅಲ್ಲ, ಕಾಲು. ಎರಡೂ ಕೋಲು ಮುಂದೆ ಊರಿ, ಮೈ ಎತ್ತಿ, ಕೋಲುಗಳನ್ನೂ ದಾಟಿ ಪಾದ ಇಡುತ್ತೇನೆ. ಉಯ್ಯಾಲೆಯ ಹಾಗೆ. ಗಡಿಬಿಡಿಯಲ್ಲಿದ್ದಾಗ ನನ್ನ ಜೊತೆ ನಡೆಯುವವರು ಓಡಬೇಕಾಗುತ್ತದೆ. ನನ್ನ ಭುಜ, ತೋಳು ನೋಡಿದರೆ ಅದು ದುಡಿದ ಮೈ ಅಂತ ಯಾರಿಗಾದರೂ ತಿಳಿಯುತ್ತದೆ.

ಒಂದು ಘಟನೆ ಹೇಳುತ್ತೇನೆ. ಒಂದು ಸಭೆಗೆ ಹೋಗಿದ್ದೆ. ಕುರ್ಚಿಯಲ್ಲಿ ಕೂತು ಕೋಲುಗಳನ್ನು ಪಕ್ಕದಲ್ಲಿ ನೆಲಕ್ಕೆ ಮಲಗಿಸಿದ್ದೆ. ಒಬ್ಬ ಹುಡುಗ ಬಂದು, ಯಾರಾದರೂ ಎಡವಿಯಾರು ಅಂತ, ಎರಡನ್ನೂ ಎತ್ತಿ ದೂರದ ಗೋಡೆಗೆ ಒರಗಿಸಿ ಹೋದ. ಸಭೆ ಮುಗಿಯಿತು. ಎಲ್ಲರೂ ಎದ್ದರು. ನಾನು ಕೂತೇ ಇದ್ದೆ. ಕೋಣೆ ಖಾಲಿಯಾಗುತ್ತಿದೆ, ಕೋಲು ಇಪ್ಪತ್ತು ಅಡಿ ಆಚೆ ಇದೆ, ಕರೆಯಲು ಆ ಹುಡುಗನ ಹೆಸರು ಗೊತ್ತಿಲ್ಲ. ನಿಮ್ಮ ಕಾಲುಗಳನ್ನು ಯಾರೋ ಎತ್ತಿ ಮೂಲೆಯಲ್ಲಿಟ್ಟರೆ ಹೇಗಿರುತ್ತದೆ? ದಯವಿಟ್ಟು ಕೇಳದೆ ಯಾರ ಕೋಲನ್ನೂ ಮುಟ್ಟಬೇಡಿ. ಮೆಟ್ಟಿಲಲ್ಲಿ ಸಹಾಯ ಮಾಡುವ ಒಳ್ಳೆ ಮನಸ್ಸಿನಿಂದ ತೋಳು ಹಿಡಿದು ಎಳೆಯುವುದೂ ಬೇಡ. ಊರಿದ ಕೋಲು ಅಲುಗಿದರೆ ನಾವು ಬೀಳುತ್ತೇವೆ.

ತೋಟದವರು

ಮೂರನೇ ಕಾಲು ಅವರ ಮಾತಿಗೆ ಕೈ ಮುಗಿದೆ.

ನಾವು ಹಣ್ಣು ತುಂಬಿ ಬಾಗಿದ ಕೊಂಬೆಗೆ ಕವೆಗೋಲು ಕೊಡುತ್ತೇವೆ. ಕವೆಗೆ ಬಟ್ಟೆ ಸುತ್ತುತ್ತೇವೆ, ಇಲ್ಲದಿದ್ದರೆ ಗಾಳಿಗೆ ತೊಗಟೆ ಉಜ್ಜಿ ಗಾಯವಾಗುತ್ತದೆ. ಅಲ್ಲಿ ಕೋಲು ಬೇಕೆಂದರೆ ಮರ ಸೋತಿದೆ ಅಂತ ಅರ್ಥವಲ್ಲ. ಫಸಲು ಜಾಸ್ತಿ ಇದೆ ಅಂತ ಅರ್ಥ.

ಎಳೆ ಸಸಿಯ ಕಥೆ ಬೇರೆ. ಅದಕ್ಕೆ ಗೂಟ ನೆಟ್ಟು ಬಿಗಿಯಾಗಿ ಕಟ್ಟಿದರೆ ಕಾಂಡ ದಪ್ಪವಾಗುವುದಿಲ್ಲ. ಗಾಳಿಗೆ ಅಲ್ಲಾಡಿದರೆ ತಾನೇ ಕಾಂಡ ಗಟ್ಟಿಯಾಗುವುದು. ಅದಕ್ಕೆ ಸಡಿಲ ಕಟ್ಟಬೇಕು, ಕೆಳಗೆ ಕಟ್ಟಬೇಕು, ಬೇರು ಹಿಡಿದ ಮೇಲೆ, ಸುಮಾರು ಒಂದು ವರ್ಷಕ್ಕೆ, ಬಿಚ್ಚಬೇಕು. ಎರಡೂ ಆಸರೆಯೇ. ಒಂದಕ್ಕೆ ಇರುವ ನಿಯಮ ಇನ್ನೊಂದಕ್ಕಿಲ್ಲ.

ಒಂಟಿ ದಾರಿ

ಎಲ್ಲರೂ ಊರುಗೋಲನ್ನು ಹೊಗಳುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ.

ನಾನು ಐದು ವರ್ಷ ನಿದ್ದೆ ಮಾತ್ರೆ ನುಂಗಿದೆ. ಮನೆಯಲ್ಲಿ ಒಂದು ಸಾವಾಗಿತ್ತು. ಆಗ ಮೊದಲ ಕೆಲವು ವಾರ ಅದು ಬೇಕಿತ್ತು, ನನ್ನನ್ನು ಉಳಿಸಿತು. ಆಮೇಲಿನ ವರ್ಷಗಳು ಬೇಕಿರಲಿಲ್ಲ. ಮಾತ್ರೆಯ ಡಬ್ಬಿ ಮರೆತು ಪ್ರಯಾಣಕ್ಕೆ ಹೋದರೆ ಅರ್ಧ ದಾರಿಯಿಂದ ವಾಪಸ್ ಬರುತ್ತಿದ್ದೆ. ಒಂದು ದಿನ ಡಾಕ್ಟರ್ ‘ಇದು ನಿಮಗೆ ಈಗ ಊರುಗೋಲಾಗಿದೆ’ ಅಂದರು. ಆ ಮಾತು ಚುಚ್ಚಿತು. ಚುಚ್ಚಿದ್ದರಿಂದಲೇ ಎಚ್ಚರವಾಯಿತು. ಆ ಪದವನ್ನು ಪೂರ್ತಿ ತೊಳೆದು ಶುದ್ಧ ಮಾಡಿದರೆ ನನ್ನಂಥವರಿಗೆ ಎಚ್ಚರಿಕೆ ಹೇಳಲು ಯಾವ ಪದ ಉಳಿಯುತ್ತದೆ?

ಫಿಸಿಯೋ

ಬೇಸರ ಯಾಕೆ, ನೀವು ಹೇಳಿದ್ದು ನಿಜವಾದ ಊರುಗೋಲಿಗೂ ನಿಜ. ಭಾರ ಬೀಳದ ಕಾಲು ಬೇಗ ಸೊರಗುತ್ತದೆ. ಪಟ್ಟಿ ಬಿಚ್ಚಿದ ದಿನ ತೊಡೆಯ ಅಳತೆ ತೆಗೆದರೆ ಎರಡು ಕಾಲಿಗೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅದಕ್ಕೆ ಬಿಡಿಸುವುದೂ ನಮ್ಮ ಕೆಲಸ. ಎರಡು ಕೋಲು, ಆಮೇಲೆ ಒಂದು, ಆಮೇಲೆ ಬರಿಗೈ.

ಬಿಡಿಸುವಾಗ ತೂಕ ನೋಡುವ ಸಾದಾ ಯಂತ್ರ ಇಟ್ಟುಕೊಳ್ಳುತ್ತೇನೆ. ಪೆಟ್ಟಾದ ಕಾಲನ್ನು ಅದರ ಮೇಲಿಟ್ಟು, ಕೋಲು ಊರಿ, ಮುಳ್ಳು 10 ಕಿಲೋ ತೋರಿಸುವ ತನಕ ಮೆಲ್ಲಗೆ ಒತ್ತಲು ಹೇಳುತ್ತೇನೆ. ಹತ್ತು ಕಿಲೋ ಅಂದರೆ ಪಾದಕ್ಕೆ ಎಷ್ಟು ಅನ್ನುವುದು ಮೈಗೆ ನೆನಪಾಗಬೇಕು. ಮೂಳೆ ಕೂಡಿದ ಹಾಗೆ ಡಾಕ್ಟರ್ ಹೇಳಿದಂತೆ ಇಪ್ಪತ್ತು, ಮೂವತ್ತು. ಮೊದಲ ಸಲ ಎಷ್ಟೋ ಜನ ಎರಡು ಕಿಲೋ ಹಾಕಿ ಹೆದರಿ ಕಾಲು ಎತ್ತುತ್ತಾರೆ. ಆ ಹೆದರಿಕೆಗೆ ಗದರಬಾರದು.

ನೀವು ಮಾತ್ರೆಯನ್ನು ಹೇಗೆ ಬಿಟ್ಟಿರಿ?

ಒಂಟಿ ದಾರಿ

ಡಾಕ್ಟರ್ ಹೇಳಿದ ಹಾಗೆ. ಒಂದೇ ಸಲ ನಿಲ್ಲಿಸಲು ಬಿಡಲಿಲ್ಲ, ಅದು ಅಪಾಯ ಅಂದರು. ಮಾತ್ರೆಯನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಎಂಟು ತಿಂಗಳು ಹಿಡಿಯಿತು. ಈಗ ನಿಮ್ಮ ತೂಕದ ಯಂತ್ರದ ಮಾತು ಓದಿದಾಗ ಅದೇ ಅಲ್ವಾ ಇದು ಅನ್ನಿಸಿತು. ಸರಿ, ಒಪ್ಪಿದೆ. ನನ್ನ ವಿಷಯದಲ್ಲಿ ಮೊದಲ ವಾರಗಳು ಊರುಗೋಲು, ಉಳಿದ ವರ್ಷಗಳು ಜೋತು ಬಿದ್ದದ್ದು.

ಮೂರನೇ ಕಾಲು

ಇಲ್ಲಿ ಒಂದು ಮಾತು ಸೇರಿಸಬೇಕು. ಬಿಡಿಸುವುದು ಮುರಿದ ಕಾಲಿಗೆ ಸರಿ. ನನ್ನಂಥವರಿಗೆ ‘ಯಾವಾಗ ಬಿಡುತ್ತೀರಿ’ ಅನ್ನುವ ಪ್ರಶ್ನೆಯೇ ಇಲ್ಲ. ಚಿಕ್ಕಂದಿನಲ್ಲಿ ಕೋಲು ಬಿಡಿಸಬೇಕು ಅಂತ ದೊಡ್ಡವರು ಬಹಳ ಹಠ ಮಾಡಿದರು. ಗೋಡೆ ಹಿಡಿದು ನಡೆ ಅಂದರು. ಗೋಡೆ ಹಿಡಿದು ಮನೆಯೊಳಗೆ ಓಡಾಡಿದೆ. ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ನನ್ನ ಲೋಕ ಮುಗಿಯುತ್ತಿತ್ತು. ಕೋಲು ಮತ್ತೆ ಕೈಗೆ ಬಂದ ದಿನ ಬೀದಿಯ ಕೊನೆ ತನಕ ಒಬ್ಬನೇ ಹೋದೆ. ಆ ದಿನದ ಖುಷಿ ಇನ್ನೂ ಮೈಯಲ್ಲಿದೆ.

ಪಾಠದ ಮೇಷ್ಟ್ರು

ಇಂಗ್ಲಿಷಿನಲ್ಲಿ ‘ಕ್ರಚ್ ವರ್ಡ್’ ಅಂತ ಇನ್ನೊಂದಿದೆ. ಮಾತಿನ ನಡುವೆ ಸುಮ್ಮನೆ ಬಂದು ಕೂರುವ ಪದಗಳು. ನಮ್ಮಲ್ಲಿ ‘ಅಂದ್ರೆ’, ‘ಏನಪ್ಪಾ ಅಂದ್ರೆ’, ‘ಮತ್ತೆ’, ‘ಆಕ್ಚುಲಿ’, ‘ಬೇಸಿಕಲಿ’. ನನ್ನದೇ ಒಂದು ಪಾಠವನ್ನು ರೆಕಾರ್ಡ್ ಮಾಡಿ ಕೇಳಿದೆ. ನಲವತ್ತು ನಿಮಿಷದಲ್ಲಿ ‘ಅಲ್ವಾ’ ಎಂಬತ್ತಕ್ಕೂ ಹೆಚ್ಚು ಸಲ ಬಂದಿತ್ತು. ಮಕ್ಕಳು ಹೂಂ ಅನ್ನಲಿ ಅಂತ ನಾನು ಕಾಯುತ್ತಿದ್ದೆ ಅಂತ ಆಗ ಗೊತ್ತಾಯಿತು. ಅದನ್ನು ಕಡಿಮೆ ಮಾಡಿಕೊಂಡೆ.

ಆದರೆ ತರಗತಿಯಲ್ಲಿ ಉಗ್ಗುವ ಒಬ್ಬ ಹುಡುಗ ಇದ್ದ. ‘ಪ’ಕಾರ ಬಂದರೆ ಅವನಿಗೆ ಬಾಯಿ ಕಟ್ಟುತ್ತಿತ್ತು. ಅದಕ್ಕೆ ಮೊದಲು ‘ಮತ್ತೆ’ ಅನ್ನುತ್ತಿದ್ದ. ‘ಮತ್ತೆ ಪರ್ವತ’, ‘ಮತ್ತೆ ಪುಸ್ತಕ’. ಆ ‘ಮತ್ತೆ’ಯನ್ನು ಮೆಟ್ಟಿ ‘ಪ’ಕ್ಕೆ ಹಾರುತ್ತಿದ್ದ. ಮಕ್ಕಳು ನಗುತ್ತಿದ್ದರು. ಆ ಪದ ಬಿಡು ಅಂತ ನಾನು ಅವನಿಗೆ ಒಮ್ಮೆಯೂ ಹೇಳಲಿಲ್ಲ. ಮಕ್ಕಳಿಗೆ ನಗಬೇಡಿ ಅಂತ ಹೇಳಿದೆ.

ಹಳೆ ನಿಘಂಟು

ಮೇಷ್ಟ್ರೇ, ಇದಕ್ಕೆ ನಮ್ಮ ಹಳೆಯ ವ್ಯಾಕರಣದಲ್ಲಿ ಒಂದು ಚಂದದ ಪದ ಇದೆ: ಪಾದಪೂರಣ. ಪದ್ಯದ ಸಾಲಿನಲ್ಲಿ ಮಾತ್ರೆ ಸಾಲದೆ ಬಂದಾಗ, ಅರ್ಥಕ್ಕೆ ಏನೂ ಸೇರಿಸದೆ ಸಾಲನ್ನು ತುಂಬಿಸುವ ಅವ್ಯಯ. ಪಾದ ಅಂದರೆ ಪದ್ಯದ ಸಾಲು, ಪಾದ ಅಂದರೆ ಕಾಲು. ಕಾಲು ಸಾಲದ ಕಡೆ ಊರಿದ ಕೋಲು. ವ್ಯಾಕರಣದವರು ಅದಕ್ಕೆ ಹೆಸರು ಕೊಟ್ಟು ಕೂರಿಸಿದ್ದಾರೆ. ಅದಕ್ಕೇ ಜೋತು ಬಿದ್ದ ಕವಿಯನ್ನು ಯಾರೂ ಮೆಚ್ಚಲಿಲ್ಲ, ಅದು ಬೇರೆ ಮಾತು.

ಬೈಕ್ ಸ್ಟ್ಯಾಂಡ್

ಚಿತ್ರಕಾರ ಸಾಲ್ವಡಾರ್ ಡಾಲಿ 1930ರ ದಶಕದ ಚಿತ್ರಗಳಲ್ಲಿ ಕರಗಿ ಇಳಿಯುವ ಮೈ, ಮುಖಗಳಿಗೆ ಕವೆಯ ಊರುಗೋಲು ಕೊಟ್ಟು ನಿಲ್ಲಿಸುತ್ತಿದ್ದ. ತೋಟದವರ ಮಾತು ಓದಿದ ಮೇಲೆ ಆ ಚಿತ್ರಗಳನ್ನು ಮತ್ತೆ ನೋಡಿದೆ. ಈ ಸಲ ಆ ಕೋಲುಗಳ ಮೇಲೇ ಕಣ್ಣು ಹೋಯಿತು.

ಅಪ್ಪನ ಮಗ

ಚಿಕ್ಕ ಮಾತು. ಅಪ್ಪ ತೀರಿಕೊಂಡು ಒಂದು ವರ್ಷ. ಅವರ ಊರುಗೋಲು ಬಾಗಿಲ ಹಿಂದೆ ಹಾಗೇ ಇದೆ. ಮೊನ್ನೆ ಎತ್ತಿ ನೋಡಿದೆ. ತುದಿಯ ರಬ್ಬರು ಒಂದೇ ಕಡೆ ಸವೆದಿದೆ. ಅಪ್ಪ ಬಲಕ್ಕೆ ವಾಲಿ ನಡೆಯುತ್ತಿದ್ದರು. ಹಿಡಿಯಲ್ಲಿ ಹೆಬ್ಬೆರಳು ಕೂರುತ್ತಿದ್ದ ಜಾಗ ನುಣ್ಣಗಾಗಿದೆ. ಎಲ್ಲರೂ ನನ್ನನ್ನು ‘ಅಪ್ಪನ ಊರುಗೋಲು’ ಅನ್ನುತ್ತಿದ್ದರು. ಆ ನುಣ್ಣಗಿನ ಜಾಗದಲ್ಲಿ ನನ್ನ ಹೆಬ್ಬೆರಳು ಇಟ್ಟಾಗ ಅನ್ನಿಸಿದ್ದು, ಅಪ್ಪ ನನ್ನ ಮೇಲೆ ಇಷ್ಟು ಭಾರ ಎಂದೂ ಹಾಕಲಿಲ್ಲ.

ಫಿಸಿಯೋ

ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನಾದೆ.

ಬೇರೆಯವರಿಗೆ ಒಂದು ಮಾತು. ಮನೆಯಲ್ಲಿ ಯಾರಾದರೂ ಕೋಲು ಹಿಡಿಯುವವರಿದ್ದರೆ ಇವತ್ತೇ ಆ ರಬ್ಬರನ್ನು ತಿರುಗಿಸಿ ನೋಡಿ. ತಳದ ಉಂಗುರದಂಥ ಗೆರೆಗಳು ಅಳಿಸಿಹೋಗಿದ್ದರೆ ಬದಲಿಸಿ. ಒದ್ದೆ ನೆಲದಲ್ಲಿ ಸವೆದ ರಬ್ಬರು ಜಾರುವಷ್ಟು ಬೇಗ ಬೇರೇನೂ ಜಾರುವುದಿಲ್ಲ.

ಅನುವಾದದ ಮೇಜು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ನಿನ್ನೆ ರಾತ್ರಿ ಕರಡು ಮುಗಿಸಿದೆ. ಏಳು ಕಡೆ ಏನಾಯಿತು ಅಂತ ಹೇಳುತ್ತೇನೆ.

ಮೂರು ಕಡೆ ‘ಜೋತು ಬೀಳಬೇಡಿ’. ಒಂದು ಕಡೆ ‘ಅದನ್ನೇ ನೆಚ್ಚಿಕೊಂಡು ಕೂರಬೇಡಿ’. ಕ್ರಚ್ ವರ್ಡ್ ಬಂದ ಎರಡು ಕಡೆ ‘ತುಂಬುಪದ’ ಎಂದು ಬರೆದೆ, ಪಾದಪೂರಣದ ನೆನಪಿನಲ್ಲಿ. ಏಳನೆಯದು ಲೇಖನದ ಕೊನೆಯಲ್ಲಿತ್ತು. ಅಲ್ಲಿ ಬರೆಯುವವರು, ಶುರುವಿನಲ್ಲಿ ಒಂದು ಮಾದರಿ ಹಿಡಿದುಕೊಂಡು ಬರೆಯುವುದು ತಪ್ಪಲ್ಲ, ಅದು ಕೂಡ ಕ್ರಚ್, ಆದರೆ ನಡೆಸುತ್ತದೆ ಅನ್ನುತ್ತಾರೆ. ಅಲ್ಲಿ ಮಾತ್ರ ಊರುಗೋಲು ಎಂದೇ ಬಿಟ್ಟಿದ್ದೇನೆ. ‘ಆ ಮಾದರಿ ನಿಮ್ಮ ಊರುಗೋಲು. ಊರಿ ನಡೆಯಿರಿ.’

ಮೂರನೇ ಕಾಲು

ತುಂಬಾ ಚೆನ್ನಾಗಿದೆ. ಒಂದೇ ಒಂದು ಕೋರಿಕೆ. ಲೇಖನದ ಪರಿಚಯದಲ್ಲಿ ನಿಮ್ಮ ಕಾಲು ಮುರಿದ ವಿಷಯ ಬರೆಯುವುದಾದರೆ ‘ಆರು ವಾರ ಊರುಗೋಲಿನ ಪಾಲಾದೆ’ ಅಂತ ಬರೆಯಬೇಡಿ.

ಅನುವಾದದ ಮೇಜು

ಹಾಗೇ ಬರೆದಿದ್ದೆ. ಈಗಷ್ಟೇ ತಿದ್ದಿದೆ: ‘ಆರು ವಾರ ಊರುಗೋಲು ಊರಿ ನಡೆದೆ.’